ನಿಂತ ಕಾಲಿನ ಅಳತೆ

ಹೊಲಿಗೆ ಕಾರ್ಖಾನೆಯಲ್ಲಿ ಅವಳಿಗೆ ಟೇಪಕ್ಕ ಎಂದು ಹೆಸರಿಟ್ಟವರು ಯಾರು ಎನ್ನುವುದು ಇಂದಿಗೂ ಪತ್ತೆಯಾಗಿಲ್ಲ. ಪತ್ತೆ ಮಾಡುವ ಆಸೆಯನ್ನು ಅವಳೂ ಬಿಟ್ಟಿಲ್ಲ. ಹನ್ನೆರಡು ವರ್ಷ ಗುಂಡಿ ಹಚ್ಚುವ ಹೆಂಗಸರ ಮೇಲೆ ಅನುಮಾನವಿತ್ತು. ಆಮೇಲೆ ಅದು ಇಸ್ತ್ರಿಯವನ ಮೇಲೆ ಹೋಯಿತು. ಈಗ ಎರಡು ವರ್ಷದಿಂದ ಯಜಮಾನನ ಮೇಲೆಯೇ ಬೀಡುಬಿಟ್ಟಿದೆ. ಹೆಸರು ಬಂದ ಕಾರಣ ಮಾತ್ರ ಎಲ್ಲರಿಗೂ ಗೊತ್ತು. ಅವಳ ಕೊರಳಿನಿಂದ ಅಳತೆಯ ಟೇಪು ಇಳಿದದ್ದನ್ನು ಕಂಡವರಿಲ್ಲ, ಬೇರೆಯವರು ಅಳೆದು ಬರೆದುಕೊಟ್ಟ ಚೀಟಿಯನ್ನು ಅವಳು ನಂಬಿದ್ದನ್ನು ಕಂಡವರೂ ಇಲ್ಲ. ಅಂಗಡಿಯಲ್ಲಿ ಮೂರು ಮೀಟರ್ ಹಗ್ಗ ಕೊಂಡರೆ ಅಂಗಡಿಯವನ ಕಣ್ಣೆದುರೇ ಮತ್ತೊಮ್ಮೆ ಅಳೆಯುವಳು. ಅಳತೆ ಸರಿಯಾಗಿದ್ದರೆ ಅವಳ ಮುಖ ಸಪ್ಪಗಾಗುತ್ತಿತ್ತು.

ಮೂವತ್ತೊಂದು ವರ್ಷದಿಂದ ಅವಳದು ಒಂದೇ ಜಾಗ, ಬಟ್ಟೆ ಕತ್ತರಿಸುವ ಉದ್ದ ಮೇಜು. ನಲವತ್ತು ಪದರ ಬಟ್ಟೆ ಹಾಸಿ, ಮೇಲಿನ ಪದರದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಮ್ಮೆಗೇ ಕತ್ತರಿಸಬೇಕು. ಗೆರೆ ಒಂದು ನೂಲು ವಾಲಿದರೆ ನಲವತ್ತು ತೋಳು ಹಾಳು. ಮೇಜು ಸೊಂಟದೆತ್ತರ, ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನಕ್ಕೆ ನೂರು ಸಲ ಓಡಾಡಬೇಕು. ಕೂತು ಬಟ್ಟೆ ಕತ್ತರಿಸುವವರನ್ನು ಟೇಪಕ್ಕ ಕೆಲಸಗಾರರೆಂದೇ ಒಪ್ಪುತ್ತಿರಲಿಲ್ಲ. ಸಮವಸ್ತ್ರಕ್ಕೆ ಅಳತೆ ಕೊಡಲು ಬಂದವರಿಗೂ ಅವಳ ಮೇಜಿನ ಮುಂದೆ ಕುರ್ಚಿ ಇರಲಿಲ್ಲ. ನೆಟ್ಟಗೆ ನಿಂತ್ಕೊಳ್ಳಿ, ಬಗ್ಗಿ ನೋಡಬೇಡಿ, ನಿಮ್ಮ ಅಳತೆ ನಿಮಗೆ ಕಾಣಲ್ಲ ಎಂದು ದೊಡ್ಡ ದೊಡ್ಡ ಅಧಿಕಾರಿಗಳಿಗೂ ಗದರಿದವಳು ಅವಳು.

ಈಗ ಆ ಮೇಜಿಗೇ ಕುತ್ತು ಬಂದಿತ್ತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಒಳಮಗ್ಗುಲಿಗೆ, ಒಂದು ಗಂಟು ಎದ್ದಿತ್ತು. ಮೊದಮೊದಲು ಕಡಲೆಕಾಳಿನಷ್ಟಿದ್ದದ್ದು ನಾಲ್ಕು ವರ್ಷದಲ್ಲಿ ನಿಂಬೆಕಾಯಿಯಷ್ಟಾಗಿ, ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಒರಗಿಕೊಂಡಿತ್ತು. ಅವಳ ತಾಯಿಗೂ ಇದೇ ಇತ್ತು. ಡಾಕ್ಟರು ನೋಡಿ, ಇದು ಊತವಲ್ಲ, ಮೂಳೆಯೇ ವಾಲಿದೆ, ಆಪರೇಷನ್ ಮಾತು ಆಮೇಲೆ, ಮೊದಲು ಶೂ ಬದಲಿಸಿ ಎಂದರು. ಬೆರಳುಗಳ ಕಡೆ ಅಗಲವಿರಬೇಕು, ಮೇಲಿನ ಚರ್ಮ ಮೆತ್ತಗಿರಬೇಕು, ಗಂಟಿನ ಮೇಲೆ ಹೊಲಿಗೆ ಹಾಯಬಾರದು, ಹಿಮ್ಮಡಿ ಎತ್ತರವಿರಬಾರದು. ಯಾವ ಅಂಗಡಿಯಲ್ಲಿ ಕೊಳ್ಳಲಿ ಎಂದು ಅವಳು ಕೇಳಿದಳು. ಯಾವುದಾದರೂ ಸರಿ ಎಂದರು ಡಾಕ್ಟರು. ಕಮಿಷನ್ನಿಗಾಗಿ ಒಂದು ಅಂಗಡಿಯ ಹೆಸರು ಹೇಳಿಯೇ ಹೇಳುತ್ತಾರೆ, ಆಗ ಹಿಡಿದುಹಾಕಬೇಕು ಎಂದು ಕಾದಿದ್ದ ಟೇಪಕ್ಕನಿಗೆ ಇದು ಇನ್ನೂ ದೊಡ್ಡ ಮೋಸದಂತೆ ಕಂಡಿತು.

ಒಂದು ಬೆಳಿಗ್ಗೆ ಅವಳು ಕಾರ್ಖಾನೆಗೆ ಹೋದಾಗ ಗುಂಡಿ ವಿಭಾಗದ ಮೂಲೆಯಲ್ಲಿ ಒಂದು ಹೊಸ ಕುರ್ಚಿ ಇತ್ತು. ಮೇಲೆ ದಿಂಬು ಬೇರೆ. ಯಜಮಾನ ಬಹಳ ಮೃದುವಾಗಿ ಮಾತಾಡಿದ. ಬರುವ ತಿಂಗಳ ಮೊದಲ ಸೋಮವಾರದಿಂದ ಆಸ್ಪತ್ರೆಯೊಂದರ ಗೌನುಗಳ ದೊಡ್ಡ ಕೆಲಸ ಶುರುವಾಗುತ್ತದೆ, ಹತ್ತು ದಿನ ಬೆಳಗಿನಿಂದ ಸಂಜೆವರೆಗೆ ನಿಂತೇ ಇರಬೇಕು, ನಿಮ್ಮ ಕಾಲು ನೋಡಿದರೆ ನನಗೇ ನೋವಾಗುತ್ತದೆ ಎಂದ.

"ಸೋಮವಾರ ನಿಂತ್ರೆ ಮೇಜು ನಿಮ್ಮದೇ, ಅಕ್ಕಾ. ಆಗ್ದಿದ್ರೆ ಈ ಕುರ್ಚಿ ಇದೆ. ಮೇಜಿನ ಹತ್ರ ನನ್ನ ಬಾಮೈದ ನಿಲ್ತಾನೆ."

ಬಾಮೈದ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಟೇಪಕ್ಕನಿಗೆ ಎಲ್ಲ ಬೆಳಕಾಯಿತು. ಆ ಮನುಷ್ಯ ತಿಂಗಳಿಂದ ಮೇಜಿನ ಸುತ್ತ ಸುಳಿದಾಡುತ್ತ, ನಗುತ್ತ, ಸೀಮೆಸುಣ್ಣ ಹೇಗೆ ಹಿಡಿಯೋದು ಅಕ್ಕಾ ಎಂದು ಕೇಳುತ್ತಿದ್ದ. ಕಾಲಿನ ಮೇಲೆ ಕನಿಕರ ತೋರಿಸುವವರ ಕಣ್ಣೆಲ್ಲ ಮೇಜಿನ ಮೇಲೆಯೇ ಇರುತ್ತದೆ ಎಂದು ಅವಳು ಅಂದೇ ತೀರ್ಮಾನಿಸಿದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಮನೆಯಲ್ಲಾದರೂ ನೆಮ್ಮದಿ ಇದೆಯೇ ಎಂದರೆ, ಅಲ್ಲಿ ಸೊಸೆ ಇದ್ದಳು. ಮಗ ದೂರದೂರಿಗೆ ಬಸ್ಸು ಓಡಿಸುವವನು. ವಾರಕ್ಕೆ ಎರಡು ದಿನ ಮನೆಯಲ್ಲಿ, ಆ ಎರಡು ದಿನವೂ ನಿದ್ದೆಯಲ್ಲಿ. ಹೀಗಾಗಿ ಅತ್ತೆ ಸೊಸೆ ಇಬ್ಬರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇರಬೇಕಿತ್ತು. ಸೊಸೆ ನೋಡುತ್ತಿದ್ದುದು ಮುಖವನ್ನಲ್ಲ ಎನ್ನುವುದೇ ಟೇಪಕ್ಕನ ತಕರಾರು. ಸಂಜೆ ಚಹಾ ಹಿಡಿದು ಎದುರು ಕೂತರೆ ಅವಳ ಕಣ್ಣು ಜಾರಿ ಅತ್ತೆಯ ಬಲಗಾಲಿಗೆ ಬರುತ್ತಿತ್ತು. ಟೇಪಕ್ಕ ಕಾಲನ್ನು ಮಂಚದ ಕೆಳಗೆ ಎಳೆದುಕೊಳ್ಳುವಳು.

ಸೊಸೆಗೆ ಪೇಟೆಯ ಶೂ ಅಂಗಡಿಯೊಂದರಲ್ಲಿ ಕೆಲಸ. ಇಡೀ ದಿನ ಕೌಂಟರಿನ ಮುಂದೆ ನಿಂತು ಬಂದವರ ಕಾಲಿಗೆ ಶೂ ಹಾಕಿ ತೋರಿಸುವುದು. ಮನೆಗೆ ಬಂದವಳು ಬಾಗಿಲು ದಾಟಿದ ಕೂಡಲೇ ಅದರ ಹಿಂದೆ ಸರಿದು, ಗೋಡೆಯ ಕಡೆ ತಿರುಗಿ ತನ್ನ ಶೂ ಕಳಚುವಳು. ಎಲ್ಲರೂ ಎದುರಿಗೆ ಕಳಚುವುದನ್ನು ಇವಳೇಕೆ ಮರೆಯಲ್ಲಿ ಕಳಚಬೇಕು? ಶೂವಿನೊಳಗೆ ಏನನ್ನೋ ಬಚ್ಚಿಟ್ಟು ತರುತ್ತಾಳೆ ಎಂದು ಟೇಪಕ್ಕ ಎರಡು ಸಲ ಹೋಗಿ ಆ ಶೂಗಳನ್ನು ಅಲ್ಲಾಡಿಸಿ ನೋಡಿದ್ದಳು. ಏನೂ ಉದುರಲಿಲ್ಲ. ಅದರಿಂದ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಕುರ್ಚಿ ಬಂದ ವಾರವೇ ಇನ್ನೊಂದು ವಿಚಿತ್ರ ನಡೆಯಿತು. ಬೆಳಿಗ್ಗೆ ಸ್ನಾನ ಮುಗಿಸಿ ಬಚ್ಚಲಿನಿಂದ ಕಾಲು ಹೊರಗಿಟ್ಟರೆ ಬಾಗಿಲಲ್ಲಿ ಕಂದು ಬಣ್ಣದ ಪ್ಯಾಕಿಂಗ್ ಕಾಗದ ಹಾಸಿತ್ತು. ಇದೇನು ಎಂದು ಕಾಗದದ ಮೇಲೆಯೇ ನಿಂತು ಕೇಳಿದಳು. ನೆಲ ಜಾರುತ್ತೆ ಅತ್ತೆ, ಅದಕ್ಕೇ ಎಂದಳು ಸೊಸೆ. ಮರುದಿನ ಕಾಗದ ಇರಲಿಲ್ಲ. ಒಂದೇ ದಿನ ಜಾರುವ ನೆಲವನ್ನು ಟೇಪಕ್ಕ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ನಾಲ್ಕು ದಿನ ಬಿಟ್ಟು ಸೊಸೆ ಒಂದು ಡಬ್ಬ ತಂದು ಅತ್ತೆಯ ಮುಂದಿಟ್ಟಳು. ಒಳಗೆ ಬೂದು ಬಣ್ಣದ ಶೂ, ಮುಂದೆ ಬಾತುಕೋಳಿಯ ಕೊಕ್ಕಿನಂತೆ ಅಗಲ. ಟೇಪಕ್ಕ ತಳ ತಿರುಗಿಸಿ ನಂಬರು ನೋಡಿದಳು. ಅವಳು ಹಾಕುವುದಕ್ಕಿಂತ ಒಂದು ಸೈಜು ದೊಡ್ಡದು. ಮೂವತ್ತು ವರ್ಷದಿಂದ ಒಂದೇ ನಂಬರು ಹಾಕುವವಳಿಗೆ ದೊಡ್ಡದು ತಂದಿದ್ದಾಳೆ ಎಂದರೆ ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದದ್ದನ್ನು ಮನೆಗೆ ಸಾಗಿಸಿದ್ದಾಳೆ, ಅಷ್ಟೇ. ಕಾಲು ವಯಸ್ಸಿಗೆ ತಕ್ಕಂತೆ ಅಗಲವಾಗುತ್ತದೆ ಎಂದು ಸೊಸೆ ಏನೋ ಹೇಳಲು ಹೋದಳು. ಟೇಪಕ್ಕ ಡಬ್ಬವನ್ನು ಅವಳ ಕಡೆಗೇ ತಳ್ಳಿದಳು. ಸೊಸೆ ಅದನ್ನು ಕಪಾಟಿನ ಮೇಲಿಟ್ಟಳು. ಅಂಗಡಿಗೆ ವಾಪಸು ಕೊಡದೆ ಇಟ್ಟುಕೊಂಡದ್ದೇಕೆ ಎಂದು ಟೇಪಕ್ಕ ಅದಕ್ಕೂ ತಲೆ ಕೆಡಿಸಿಕೊಂಡಳು.

ಅವಳೇ ಬೇರೊಂದು ಅಂಗಡಿಗೆ ಹೋದಳು. ಅಲ್ಲಿಯವನು ಚಂದದ ಶೂ ತೊಡಿಸಿ, ಈಗ ಸ್ವಲ್ಪ ಬಿಗಿ ಅಮ್ಮ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಎಂದ. ಟೇಪಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಟ್ಟೆ ಹಿಗ್ಗಬಹುದು, ಚರ್ಮ ಹಿಗ್ಗಬಹುದು, ಅಷ್ಟರಲ್ಲಿ ಮೂಳೆ ಏನಾಗಿರುತ್ತದೆ? ಕೊಂಡ ದಿನ ಬಿಗಿಯಾದದ್ದು ಕೊನೆಯ ದಿನದವರೆಗೂ ಬಿಗಿಯೇ ಎಂದು ಅವಳಿಗೆ ಮೂವತ್ತೊಂದು ವರ್ಷದ ಕೆಲಸ ಕಲಿಸಿತ್ತು. ಎದ್ದು ಬಂದಳು. ಆ ದಿನದ ಅನುಮಾನಕ್ಕೆ ಮಾತ್ರ ಯಾರೂ ಬೆರಳು ತೋರಿಸುವಂತಿಲ್ಲ.

ಉಳಿದದ್ದು ಒಂದೇ ದಾರಿ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ತೊಂದರೆ ಇರುವ ಕಾಲಿಗೆ ಅಳತೆ ತೆಗೆದು ಶೂ ಹೊಲಿದುಕೊಡುವ ಒಬ್ಬ ಮುದುಕನಿದ್ದ. ಅವನು ನೆಲದ ಮೇಲೆ ಕಾಗದ ಹಾಸಿ, ಸಂಜೆ ಹೊತ್ತು ಬನ್ನಿ, ದಿನವೆಲ್ಲ ನಿಂತ ಮೇಲೆ ಕಾಲು ಅಗಲವಾಗಿರುತ್ತೆ, ಇದರ ಮೇಲೆ ನಿಲ್ಲಿ, ನಾನು ಸುತ್ತ ಗೆರೆ ಎಳೀತೀನಿ ಎಂದ. ಟೇಪಕ್ಕನ ಕಣ್ಣು ಅವನ ಕೈಯ ಪೆನ್ಸಿಲಿನ ಮೇಲಿತ್ತು. ಮೊಂಡಾದ ಮೊನೆ. ಅಂಥ ಮೊನೆಯಲ್ಲಿ ಎಳೆದರೆ ಆಚೆ ಒಂದು ನೂಲು, ಈಚೆ ಒಂದು ನೂಲು ತಪ್ಪುವುದು ಖಂಡಿತ. ಅಳತೆ ನಾನೇ ತರುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿ ಬಂದಳು.

ರಜೆಯ ದಿನ ಬೆಳಿಗ್ಗೆ ಎದ್ದು ಪೆನ್ಸಿಲನ್ನು ಸೂಜಿಯಂತೆ ಹೆರೆದು, ಮಂಚದ ಅಂಚಿನಲ್ಲಿ ಕೂತು, ಕಾಗದದ ಮೇಲೆ ಕಾಲಿಟ್ಟು, ಬಗ್ಗಿ, ಉಸಿರು ಬಿಗಿಹಿಡಿದು ಗೆರೆ ಎಳೆದಳು. ಸೊಸೆ ಬಾಗಿಲ ಹತ್ತಿರ ಬಂದು ನಿಂತಳು. ಏನು ನೋಡ್ತಿದ್ದೀಯ ಎಂದು ಗದರಿದ ಮೇಲೆ ಹೋದಳು. ಎರಡು ಕಾಲಿನ ಆಕಾರವನ್ನೂ ತನ್ನ ಕತ್ತರಿಯಲ್ಲೇ ಕತ್ತರಿಸಿ, ಒಂದು ರಾತ್ರಿ ಮೇಜಿನ ಮೇಲೆ ಪುಸ್ತಕದ ಅಡಿ ಇಟ್ಟು, ಮರುದಿನ ಮುದುಕನಿಗೆ ಕೊಟ್ಟಳು. ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಮ್ಮಾ, ಇದು ನಿಂತಾಗ ತೆಗೆದಿದ್ದಾ?"

"ಮೂವತ್ತೊಂದು ವರ್ಷದಿಂದ ನಾನು ಅಳತೆ ತೆಗೀತಿದ್ದೀನಿ."

ಅದು ಉತ್ತರವಾಗಿರಲಿಲ್ಲ. ಮುದುಕ ಉತ್ತರವೆಂದೇ ತೆಗೆದುಕೊಂಡ. ಒಂದು ನೂಲು ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂದು ಅವಳು ಮೂರು ಸಲ ಹೇಳಿದಳು. ಅವನೂ ಹಾಗೆಯೇ ಹೊಲಿದುಕೊಟ್ಟ.

ಶೂ ಬಂದಾಗ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ಬೆಣ್ಣೆಯಂಥ ಚರ್ಮ, ಗಂಟಿನ ಮೇಲೆ ಒಂದು ಹೊಲಿಗೆಯೂ ಇಲ್ಲ. ಮಂಚದ ಮೇಲೆ ಕೂತು ಹಾಕಿಕೊಂಡು ನೋಡಿದಳು, ಕೈಗವಸಿನಂತೆ ಕೂತಿತು. ಸೋಮವಾರಕ್ಕೆ ಮುಂಚಿನ ಶನಿವಾರ, ಗೌನಿನ ಬಟ್ಟೆ ಹಾಸುವ ದಿನ, ಅದನ್ನೇ ಹಾಕಿಕೊಂಡು ಎದೆಯುಬ್ಬಿಸಿ ಮೇಜಿನ ಮುಂದೆ ನಿಂತಳು.

ಹತ್ತು ಗಂಟೆಗೆ ಗಂಟು ಬೆಚ್ಚಗಾಯಿತು. ಹನ್ನೊಂದಕ್ಕೆ ಕೆಂಡ ಮೆಟ್ಟಿದ ಹಾಗಾಯಿತು. ಹಲ್ಲು ಕಚ್ಚಿ ನಿಂತಳು. ಹನ್ನೆರಡರ ಹೊತ್ತಿಗೆ ಮೈಯ ಭಾರವನ್ನು ಎಡಗಾಲಿಗೆ ಬದಲಿಸಲು ಹೋಗಿ, ತೋಳಿನ ಗೆರೆ ಸೊಟ್ಟಗಾಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸೊಟ್ಟ ಗೆರೆ. ಬಾಮೈದ ಅದನ್ನು ಒರೆಸಿದ. ಯಜಮಾನ ತಾನೇ ಕುರ್ಚಿ ಎತ್ತಿಕೊಂಡು ಬಂದ, ಅವಳು ಕೂತಳು. ಕುರ್ಚಿ ಬಹಳ ಮೆತ್ತಗಿತ್ತು. ಅವಳಿಗೆ ಅಳು ಬಂದದ್ದು ಕಾಲಿನ ನೋವಿಗಲ್ಲ, ಅದಕ್ಕೆ.

ಸಂಜೆ ಕುಂಟುತ್ತಲೇ ಮುದುಕನ ಬಳಿ ಹೋಗಿ ಜಗಳಕ್ಕೆ ನಿಂತಳು. ಅವನು ಅವಳದೇ ಕಾಗದ ತೆಗೆದು ಶೂವಿನೊಳಗೆ ಇಳಿಸಿ ತೋರಿಸಿದ. ನೂಲಿಗೆ ನೂಲು ಸರಿಯಾಗಿತ್ತು. ಟೇಪಕ್ಕ ಕಾಗದವನ್ನು ಕಿತ್ತುಕೊಂಡು ಮನೆಯ ಕಡೆ ಹೊರಟಳು. ಮುದುಕ ತಪ್ಪು ಮಾಡಿಲ್ಲ, ತಾನಂತೂ ಮಾಡುವವಳಲ್ಲ, ಹಾಗಾದರೆ ಕಾಗದವೇ ಬದಲಾಗಿದೆ. ಒಂದು ರಾತ್ರಿ ಮನೆಯ ಮೇಜಿನ ಮೇಲಿತ್ತಲ್ಲ! ಮನೆಯಲ್ಲಿ ಇನ್ನೊಂದು ಕತ್ತರಿ ಯಾರ ಬಳಿ ಇದೆ? ಅತ್ತೆ ಕೆಲಸ ಬಿಟ್ಟು ಮೂಲೆ ಹಿಡಿದರೆ ಸೊಸೆಗೇನು ಲಾಭ ಎಂದು ದಾರಿಯುದ್ದಕ್ಕೂ ಯೋಚಿಸಿದಳು, ಏನೂ ಹೊಳೆಯಲಿಲ್ಲ. ಲಾಭ ಹೊಳೆಯಲಿಲ್ಲವೆಂದು ಅನುಮಾನ ಬಿಡುವ ಪೈಕಿ ಅವಳಲ್ಲ.

ಭಾನುವಾರ ಶೂ ಅಂಗಡಿ ಅರ್ಧ ದಿನ. ಸೊಸೆ ಹೊರಟದ್ದೇ ಟೇಪಕ್ಕ ಅವಳ ಕಪಾಟು ತೆರೆದಳು. ಮಡಿಸಿದ ಬಟ್ಟೆಗಳ ಅಡಿ ಸಿಕ್ಕಿತು. ಕಂದು ಬಣ್ಣದ ಪ್ಯಾಕಿಂಗ್ ಕಾಗದ, ಅದರ ಮೇಲೆ ಒಂದು ಬಲಗಾಲಿನ ಆಕಾರ. ಒರಗಿದ ಹೆಬ್ಬೆರಳು, ಅದರ ಬುಡದಲ್ಲಿ ಉಬ್ಬು. ತನ್ನದೇ ಕಾಲು! ಮುದುಕನಿಂದ ತಂದಿದ್ದ ಕಾಗದವನ್ನು ಅದರ ಮೇಲಿಟ್ಟಳು. ಉದ್ದದಲ್ಲಿ ಎರಡು ನೂಲು, ಗಂಟಿನ ಹತ್ತಿರ ಮೂರು ನೂಲಿನ ವ್ಯತ್ಯಾಸ. ಸೊಸೆಯ ಕಪಾಟಿನಲ್ಲಿದ್ದುದೇ ದೊಡ್ಡದು. ಅಸಲಿನ ಗೆರೆಯನ್ನು ಇಲ್ಲಿ ನಕಲು ಮಾಡಿಕೊಂಡು, ಅಸಲನ್ನು ಚಿಕ್ಕದಾಗಿ ಕತ್ತರಿಸಿ ಪುಸ್ತಕದ ಅಡಿ ಇಟ್ಟಿದ್ದಾಳೆ. ಕಳ್ಳಿ ಸಿಕ್ಕಿಬಿದ್ದಳು ಎಂಬ ಸಂತೋಷದಲ್ಲಿ ಅವಳಿಗೆ ಕಾಲಿನ ನೋವೂ ಮರೆತುಹೋಯಿತು.

ಮಧ್ಯಾಹ್ನ ಸೊಸೆ ಬಂದು, ಬಾಗಿಲ ಹಿಂದೆ ಸರಿದು ಶೂ ಕಳಚಿ, ಒಳಗೆ ಬಂದಾಗ ಎರಡೂ ಕಾಗದ ಮೇಜಿನ ಮೇಲೆ ಹರಡಿದ್ದವು.

"ಇದೇನು?"

"ನಿಮ್ಮ ಕಾಲು, ಅತ್ತೆ."

"ನನ್ನ ಕಾಲಿಗೆ ನಿನ್ನ ಕಪಾಟಿನಲ್ಲಿ ಏನು ಕೆಲಸ?"

ಸೊಸೆಗೆ ನಗು ಬಂತು, ಅತ್ತೆಯ ಮುಖ ನೋಡಿ ನುಂಗಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು. "ಕಾಗದದ ಮೇಲೆ ನಿಂತ್ಕೊಳ್ಳಿ ಅಂದಿದ್ರೆ ನೀವು ನಿಲ್ತಿದ್ರಾ? ಅದಕ್ಕೇ ಬಚ್ಚಲ ಬಾಗಿಲಲ್ಲಿ ಹಾಸಿದ್ದೆ. ಒದ್ದೆ ಕಾಲಿನ ಗುರುತು ಆರೋದ್ರೊಳಗೆ ಸುತ್ತ ಗೆರೆ ಎಳೆದಿಟ್ಟೆ. ಆ ಬೂದು ಶೂ ತಂದಿದ್ದು ಈ ಅಳತೆಗೇ."

"ಹಾಗಾದ್ರೆ ನಾನು ತೆಗೆದಿದ್ದು ಚಿಕ್ಕದಾಗಿದ್ದು ಹೇಗೆ?"

"ನೀವು ಕೂತ್ಕೊಂಡು ತೆಗೆದ್ರಿ, ಅತ್ತೆ."

ಟೇಪಕ್ಕ ತನ್ನ ಕಾಗದವನ್ನು ಮತ್ತೊಮ್ಮೆ ಎತ್ತಿ ನೋಡಿದಳು. ಕೂತ ಕಾಲಿನ ಮೇಲೆ ಮೈಯ ಭಾರವಿಲ್ಲ, ನಿಂತರೆ ಅದು ಹರಡುತ್ತದೆ, ಉದ್ದವೂ ಆಗುತ್ತದೆ. ಬೆಳಗಿನ ಕಾಲು ಬೇರೆ, ಸಂಜೆಯ ಕಾಲು ಬೇರೆ. ಇದನ್ನು ಮುದುಕ ಹೇಳಿದ್ದ. ಕೂತು ಅಳತೆ ಕೊಡಲು ಬಂದ ಅಧಿಕಾರಿಯನ್ನು ಹಿಂದೊಮ್ಮೆ ಬೈದು ಎಬ್ಬಿಸಿದವಳು ಯಾರು? ಊರವರನ್ನೆಲ್ಲ ನಿಲ್ಲಿಸಿ ಅಳೆದವಳು ತನ್ನ ಕಾಲನ್ನು ಕೂತು ಅಳೆದಿದ್ದಳು, ಬೇರೆಯವರ ಕೈಗೆ ಪೆನ್ಸಿಲು ಕೊಡಬೇಕಾದೀತೆಂದು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ತಪ್ಪಾಯಿತು ಎನ್ನುವ ಮಾತು ಅವಳ ಬಾಯಿಂದ ಬರುವುದುಂಟೇ! ಹೊಸ ಕಾಗದ ಹಾಸಿ ಅದರ ಮೇಲೆ ನಿಂತಳು. ಮೊದಲು ತಾನೇ ಗೆರೆ ಎಳೆಯಲು ಬಗ್ಗಿದಳು, ಬಗ್ಗಿದ್ದೇ ಹಿಮ್ಮಡಿ ಎದ್ದಿತು. ಎರಡು ಸಲ ನೋಡಿ ಪೆನ್ಸಿಲನ್ನು ಸೊಸೆಯ ಕಡೆ ಚಾಚಿದಳು.

"ನೆಟ್ಟಗೆ ಹಿಡಿ. ಒಳಗೆ ವಾಲಿಸಬೇಡ."

ಸೊಸೆ ಮಂಡಿಯೂರಿ ಕೂತಳು. ಟೇಪಕ್ಕ ಎದುರಿನ ಗೋಡೆ ನೋಡುತ್ತ ನಿಂತಳು. ಕೆಳಗೆ ತನ್ನ ಅಳತೆಯನ್ನು ಇನ್ನೊಬ್ಬರು ತೆಗೆಯುತ್ತಿರುವಾಗ ನೋಡದೆ ನಿಲ್ಲುವುದಿದೆಯಲ್ಲ, ಅಷ್ಟು ಕಷ್ಟದ ಕೆಲಸವನ್ನು ಅವಳು ಅದುವರೆಗೆ ಮಾಡಿರಲಿಲ್ಲ. ಗೆರೆ ಮುಗಿದ ಮೇಲೆ ಮೂರೂ ಕಾಗದ ಒಂದರ ಮೇಲೊಂದು ಇಟ್ಟಳು. ಸೊಸೆಯ ಎರಡೂ ಗೆರೆ ಒಂದಕ್ಕೊಂದು ಕೂಡಿಕೊಂಡವು. ಅವಳದು ಒಳಗೆ ಬಡಪಾಯಿಯಂತೆ ಕೂತಿತ್ತು.

ಬೂದು ಶೂವಿನ ಡಬ್ಬ ಕೆಳಗಿಳಿಯಿತು. ಹಾಕಿಕೊಳ್ಳುವ ಮುಂಚೆ ಟೇಪಕ್ಕ ಒಳಗೆ ಕೈ ತೂರಿಸಿ ಗಂಟು ತಾಗುವ ಕಡೆ ಹೊಲಿಗೆಯಿದೆಯೇ ಎಂದು ತಡವಿದಳು, ಅಗಲಕ್ಕೆ ಟೇಪು ಹಿಡಿದಳು, ತಳವನ್ನು ಬಗ್ಗಿಸಿ ಅದು ನಡುವೆ ಮಡಿಯದೆ ಬೆರಳ ಹತ್ತಿರ ಮಾತ್ರ ಮಡಿಯುವುದನ್ನು ನೋಡಿದಳು. ಹಾಕಿಕೊಂಡು ನಿಂತಾಗ ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನ ಜಾಗ ಉಳಿಯಿತು. ಒಂದೂ ತಪ್ಪು ಸಿಗಲಿಲ್ಲ. ಈ ಸಲ ಮುಖ ಸಪ್ಪಗಾಗಲಿಲ್ಲ.

ಸೋಮವಾರ ಅವಳು ಮೇಜಿನ ಮುಂದೆ ನಿಂತಳು. ನೋವು ಇರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಶನಿವಾರ ಉಜ್ಜಿದ ಜಾಗ ಮಧ್ಯಾಹ್ನದ ಮೇಲೆ ಮಿಡಿಯುತ್ತಿತ್ತು. ಆದರೆ ಸುಡಲಿಲ್ಲ, ಬೆರಳುಗಳು ಒಂದನ್ನೊಂದು ತುಳಿಯಲಿಲ್ಲ, ಗೆರೆ ಸೊಟ್ಟಗಾಗಲಿಲ್ಲ. ಯಜಮಾನ ಗಾಜಿನ ಕೋಣೆಯಿಂದ ಮೂರು ಸಲ ಇಣುಕಿ ನೋಡಿದ. ನಾಲ್ಕು ಗಂಟೆಗೆ ತಿರುಗಿ ನೋಡಿದರೆ ದಿಂಬಿನ ಕುರ್ಚಿಯಲ್ಲಿ ಬಾಮೈದ ಕೂತಿದ್ದ, ಗುಂಡಿ ಎಣಿಸುತ್ತ. ಟೇಪಕ್ಕ ಕಣ್ತುಂಬ ನೋಡಿ ಮತ್ತೆ ಸೀಮೆಸುಣ್ಣ ಹಿಡಿದಳು.

ಸಂಜೆ ಮನೆಗೆ ಬಂದಾಗ ಮನಸ್ಸು ಹಗುರವಾಗಿತ್ತು. ಸೊಸೆಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಕಾಯುತ್ತ ಕೂತಳು. ಸೊಸೆ ಬಂದಳು, ಎಂದಿನಂತೆ ಬಾಗಿಲ ಹಿಂದೆ ಸರಿದಳು. ಮೂವತ್ತೊಂದು ವರ್ಷದ ಚಾಳಿ ಒಂದು ದಿನಕ್ಕೆ ಬಿಡುತ್ತದೆಯೇ? ಟೇಪಕ್ಕ ಸದ್ದಿಲ್ಲದೆ ಎದ್ದು ಹೋಗಿ ಬಾಗಿಲು ಎಳೆದಳು.

ಸೊಸೆ ಗೋಡೆಗೆ ಒರಗಿ, ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕೆಳಗೆ ಅಂಗಡಿಯ ಕಪ್ಪು ಶೂ, ಮುಂದೆ ಪೆನ್ಸಿಲಿನಂತೆ ಚೂಪು. ಅಂಗಡಿಯಲ್ಲಿ ಮಾರುವವರು ಮಾರುವ ಮಾಲನ್ನೇ ತೊಟ್ಟು ನಿಲ್ಲಬೇಕೆಂದು ಕಟ್ಟಪ್ಪಣೆ. ಸೊಸೆಯ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲಲು ಶುರುವಾಗಿತ್ತು. ಅದರ ಬುಡದಲ್ಲಿ ಕಡಲೆಕಾಳಿನಷ್ಟು ಕೆಂಪು ಗಂಟು.

"ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು."

"ಮತ್ತೆ ನನ್ನ ಕಾಲು ಯಾಕೆ ನೋಡ್ತಿದ್ದೆ?"

ಸೊಸೆ ಕಾಲು ಕೆಳಗಿಟ್ಟಳು. "ಮುಂದೆ ನನ್ನದು ಹೇಗಾಗುತ್ತೆ ಅಂತ ನೋಡ್ತಿದ್ದೆ, ಅತ್ತೆ."

ತನ್ನ ಕಾಲನ್ನು ಯಾರು ನೋಡುತ್ತಾರೆ ಎಂದು ಇಡೀ ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ ಟೇಪಕ್ಕ, ಎದುರು ಕೂತು ಚಹಾ ಕುಡಿಯುವವಳ ಕಾಲನ್ನು ಒಂದು ಸಲವೂ ನೋಡಿರಲಿಲ್ಲ. ಆ ಶೂಗಳನ್ನು ಎರಡು ಸಲ ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ದಳು, ಅವುಗಳ ಅಗಲವನ್ನೂ ನೋಡಿರಲಿಲ್ಲ.

ಒಳಗೆ ಹೋಗಿ ಕಾಗದ, ಪೆನ್ಸಿಲು ತಂದು ಬಾಗಿಲ ಬಳಿಯೇ ಹಾಸಿದಳು. ಹೊರಗಿನಿಂದ ನೋಡಿದರೆ ಅಂಗಡಿಯ ಶೂವಿನಂತೆಯೇ ಚೂಪು, ಒಳಗೆ ಬೆರಳಿಗೆ ಧಾರಾಳ ಜಾಗ, ಹಾಗೆ ಹೊಲಿಯುವುದು ಸಾಧ್ಯ, ಸಡಿಲವನ್ನು ಕಣ್ಣಿಗೆ ಕಾಣದ ಕಡೆ ಎಲ್ಲಿ ಬಿಡಬೇಕೆಂದು ತಾನು ಮುದುಕನಿಗೆ ಹೇಳಿಕೊಡುತ್ತೇನೆ ಎಂದಳು. ಆಮೇಲೆ ಗೋಡೆ ಹಿಡಿದು, ಒಂದೊಂದೇ ಮಂಡಿ ಊರಿ ಕೆಳಗೆ ಕೂತಳು.

"ನಿಂತ್ಕೋ. ಎರಡೂ ಕಾಲಿನ ಮೇಲೆ ಭಾರ ಹಾಕು. ಕೆಳಗೆ ನೋಡಬೇಡ."

ಸೊಸೆ ಗೋಡೆ ನೋಡುತ್ತ ನಿಂತಳು. ಟೇಪಕ್ಕ ಪೆನ್ಸಿಲನ್ನು ನೆಟ್ಟಗೆ ಹಿಡಿದು ಆ ಕಾಲಿನ ಸುತ್ತ ಗೆರೆ ಎಳೆದಳು. ಎಳೆದದ್ದನ್ನು ನೋಡಿದಳು, ಸರಿಯಾಗಿಯೇ ಇತ್ತು. ಆದರೂ ಇನ್ನೊಂದು ಕಾಗದ ಹಾಸಿ ಮತ್ತೊಮ್ಮೆ ಎಳೆದಳು. ಈ ಸಲ ಅವಳಿಗೆ ನಂಬಿಕೆಯಿಲ್ಲದೆ ಹೋದದ್ದು ತನ್ನ ಕೈಯ ಮೇಲೆ.